ಗುಂಡುಸೂಜಿಯ ಗುರುತು

ನನ್ನ ದಿನಚರಿ ಪುಸ್ತಕದಲ್ಲಿ ಬೇರೆ ಯಾರೋ ಬರೆಯುತ್ತಿದ್ದಾರೆ ಎಂಬ ಅನುಮಾನ ನನಗೆ ಮೊದಲು ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ, ಆರು ಗಂಟೆ ಹತ್ತು ನಿಮಿಷಕ್ಕೆ. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೇನೆಂದರೆ, ಆ ಅನುಮಾನವನ್ನೂ ಅದೇ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.

ಆ ದಿನದ ಪುಟದಲ್ಲಿ ಆಗಲೇ ಒಂದು ಸಾಲು ಇತ್ತು. "4.40 ಎದ್ದೆ. ಸ್ನಾನ. ಪೂಜೆ. ನಲ್ಲಿಯಲ್ಲಿ ನೀರು ಬಂತು, ತೊಟ್ಟಿ ತುಂಬಿತು." ಅಕ್ಷರ ನನ್ನದೇ. ಆದರೆ ಬರೆದವನು ನಾನಲ್ಲ. ನನ್ನ ಪಾಲಿಗೆ ನಾನು ಆಗಷ್ಟೇ ಹಾಸಿಗೆ ಬಿಟ್ಟಿದ್ದೆ. ಹಣೆ ಮುಟ್ಟಿಕೊಂಡೆ, ವಿಭೂತಿ ಇತ್ತು. ತಲೆ ಒದ್ದೆಯಾಗಿತ್ತು.

ನನಗೆ ಅರವತ್ತೊಂಬತ್ತು ವರ್ಷ. ಹೆಸರು ತಿಪ್ಪೇಸ್ವಾಮಿ. ಮಾರಿಕಣಿವೆಯ ಅಣೆಕಟ್ಟಿನಲ್ಲಿ ಮೂವತ್ನಾಲ್ಕು ವರ್ಷ ಗೇಜ್ ರೀಡರ್ ಆಗಿದ್ದೆ. ದಿನಾ ಬೆಳಿಗ್ಗೆ ಆರಕ್ಕೆ ಮೆಟ್ಟಿಲಿಳಿದು ನೀರಿನ ಮಟ್ಟ ನೋಡುವುದು, ರಿಜಿಸ್ಟರಿನಲ್ಲಿ ಬರೆಯುವುದು, ಮೇಲಿನವರಿಗೆ ತಿಳಿಸುವುದು. ಇಷ್ಟೇ ಕೆಲಸ. ಅದಕ್ಕೂ ಮೊದಲು ಚಿತ್ರದುರ್ಗದ ಒಂದು ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ ಓದಿದವನು. ಅಲ್ಲಿ ನಾಲ್ಕೂವರೆಗೆ ಗಂಟೆ, ತಣ್ಣೀರ ಸ್ನಾನ, ಲಿಂಗಪೂಜೆ, ಸಾಲಿನಲ್ಲಿ ಕೂತು ಪಾಠ. ಆ ಗಂಟೆ ನಿಂತು ಐವತ್ತು ವರ್ಷವಾದರೂ ನನ್ನ ಮೈಯೊಳಗೆ ಇನ್ನೂ ಬಾರಿಸುತ್ತದೆ. ನಿವೃತ್ತಿಯಾದ ಮೇಲೆ ಹಿರಿಯೂರಿನಲ್ಲಿ ಮನೆ ಮಾಡಿಕೊಂಡು, ನೀರಿನ ಬದಲು ನನ್ನನ್ನೇ ಅಳೆಯತೊಡಗಿದೆ. ಎದ್ದದ್ದು, ಉಂಡದ್ದು, ನಡೆದದ್ದು, ಎಲ್ಲವೂ ಪುಸ್ತಕದಲ್ಲಿ.

ಇದನ್ನೆಲ್ಲ ಬರೆಯುವುದಕ್ಕೆ ಕಾರಣವಿದೆ. ನನ್ನ ವಯಸ್ಸಿನ ಯಾರಾದರೂ ಈಗ ತಮ್ಮ ಮನೆಯವರ ಮೇಲೆ ಅನುಮಾನಪಟ್ಟುಕೊಂಡು ಒಬ್ಬರೇ ಕೂತಿರಬಹುದು. ನಾನು ಹಾಗೆ ಐದು ತಿಂಗಳು ಕೂತಿದ್ದೆ.

ಅನುಮಾನ ಮೊದಲು ಹೋದದ್ದು ಹೆಂಡತಿ ಗೌರಮ್ಮನ ಮೇಲೆ. ಬೇರೆ ಯಾರ ಮೇಲೆ ಹೋಗಬೇಕು? ಮನೆಯಲ್ಲಿರುವವರು ಇಬ್ಬರೇ.

"ನನ್ನ ಪುಸ್ತಕ ಮುಟ್ಟಿದ್ಯಾ?" ಎಂದು ಕೇಳಿದೆ.

"ನಾನ್ಯಾಕೆ ಮುಟ್ಲಿ? ನಿಮ್ಮ ಪುಸ್ತಕದಾಗೆ ಏನೈತೆ? ಎಷ್ಟು ಇಡ್ಲಿ ತಿಂದ್ರಿ ಅಂತ ಐತೆ. ಅದನ್ನ ಮಾಡಿ ಹಾಕಿದೋಳು ನಾನೇ, ನಂಗೆ ಗೊತ್ತಿಲ್ವಾ?"

ಅವಳು ನಕ್ಕಳು. ಆ ನಗುವನ್ನೂ ನಾನು ಬರೆದಿಟ್ಟೆ: "ನಕ್ಕಳು. ಕಣ್ಣು ನಗಲಿಲ್ಲ."

ಆಮೇಲೆ ಒಂದೊಂದೇ ಕಾಣತೊಡಗಿತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಲವು ತಾರೀಖುಗಳ ಮೇಲೆ ಕುಂಕುಮದ ಬೊಟ್ಟು. ಹಬ್ಬವಲ್ಲ, ಸೋಮವಾರವಲ್ಲ, ಅಮಾವಾಸ್ಯೆಯಲ್ಲ. ಕೇಳಿದರೆ, "ಏನೋ ಹರಕೆ ಬಿಡ್ರಿ" ಎಂದಳು. ಮತ್ತೋಡಿನ ಶಾಲೆಯಲ್ಲಿ ಟೀಚರಾಗಿರುವ ಮಗಳು ಶಶಿಕಲಾ ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದವಳು ಮೂರು ಸಲ ಮಾಡತೊಡಗಿದಳು. ನಾನು ಒಳಗೆ ಬಂದರೆ ಗೌರಮ್ಮ ಫೋನಿನಲ್ಲಿ ಮಾತು ಬದಲಿಸುತ್ತಿದ್ದಳು. ಮಗಳಿಗೆ ಹೊಸದುರ್ಗದಲ್ಲಿ ದೊಡ್ಡ ಮನೆಯಿದೆ. "ಇಬ್ರೂ ಇಲ್ಲೇ ಬಂದುಬಿಡ್ರಪ್ಪ" ಎಂದು ಎರಡು ವರ್ಷದಿಂದ ಕರೆಯುತ್ತಿದ್ದಳು. ನಾನು ಒಪ್ಪಿರಲಿಲ್ಲ. ಈಗ ನನಗೆ ಎಲ್ಲವೂ ಹೊಂದಿಕೆಯಾಗಿ ಕಂಡಿತು: ತಲೆ ಕೆಟ್ಟಿದೆ ಎಂದು ನನಗೇ ಅನ್ನಿಸುವ ಹಾಗೆ ಮಾಡಿ, ಮನೆ ಖಾಲಿ ಮಾಡಿಸಬೇಕೆಂದಿದ್ದಾರೆ.

ಗೆಳೆಯ ರಹಮತ್ ಕೂಡ ಇದರಲ್ಲಿ ಸೇರಿದ್ದಾನೆಂದುಕೊಂಡೆ. ಅವನದು ಬಸ್ ಸ್ಟ್ಯಾಂಡ್ ಹತ್ತಿರ ಗಡಿಯಾರ ರಿಪೇರಿ ಅಂಗಡಿ. ಅವರ ಮನೆತನ ತಲೆತಲಾಂತರದಿಂದ ಹಿರಿಯೂರಿನದು. ಒಂದು ಬೆಳಿಗ್ಗೆ ವಾಕಿಂಗ್ ಮುಗಿಸಿ ಅವನ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಏನಯ್ಯ ಹಂಗ್ ನೋಡ್ತೀಯ?"

"ಈಗ ಸರಿ ಹೋದ್ರಾ ತಿಪ್ಪೇಸ್ವಾಮಣ್ಣ?"

"ಏನಾಗಿತ್ತು ಸರಿ ಹೋಗಾಕೆ?"

"ಇವತ್ತು ಯಾವ ವಾರ ಅಂತ ಆರು ಸಲ ಕೇಳಿದ್ರಿ. ನಾನು ಆರು ಸಲವೂ ಶನಿವಾರ ಅಂದೆ. ಏಳನೇ ಸಲ ಕೇಳಿದ್ರೆ ಭಾನುವಾರ ಅನ್ನಾಣ ಅಂತಿದ್ದೆ."

ನನಗೆ ಕೋಪ ಬಂತು. ಅವನ ಅಂಗಡಿಯ ಗೋಡೆಯಲ್ಲಿ ಹನ್ನೊಂದು ಗಡಿಯಾರಗಳಿದ್ದವು. ನಾನು ಬಂದದ್ದು ಆರೂವರೆಗೆ. ಹನ್ನೊಂದೂ ಏಳೂಕಾಲು ತೋರಿಸುತ್ತಿದ್ದವು. ನನ್ನ ಲೆಕ್ಕದಲ್ಲಿ ಐದು ನಿಮಿಷ ಕೂಡ ಆಗಿರಲಿಲ್ಲ. ಅವನೇ ಮುಳ್ಳು ತಿರುಗಿಸಿಟ್ಟಿದ್ದಾನೆ ಎಂದುಕೊಂಡು ಎದ್ದು ಬಂದೆ. ರಸ್ತೆಯಲ್ಲಿ ಹೋಗುವ ಮೂವರನ್ನು ಸಮಯ ಕೇಳಿದೆ. ಮೂವರೂ ಅದನ್ನೇ ಹೇಳಿದರು. ಅವರಿಗೂ ಹೇಳಿಟ್ಟಿರಬಹುದೇ ಎಂಬ ಯೋಚನೆ ಒಂದು ಕ್ಷಣ ಬಂದುಹೋಯಿತು. ಈಗ ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ಕಳ್ಳನನ್ನು ಹಿಡಿಯಲು ನನ್ನ ಹತ್ತಿರ ಒಂದು ಉಪಾಯವಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಹಿರಿಯ ಗೇಜ್ ರೀಡರ್ ಅದನ್ನು ಕಲಿಸಿದ್ದರು. ಮಳೆ ಬಂದರೆ, ಮೈ ಸರಿಯಿಲ್ಲದಿದ್ದರೆ, ಕೆಲವರು ಮೆಟ್ಟಿಲಿಳಿಯದೆ ನಿನ್ನೆಯ ಅಂಕಿಯನ್ನೇ ಇವತ್ತಿಗೂ ಬರೆದುಬಿಡುವುದುಂಟು. ಹಾಗೆ ಮಾಡಬಾರದೆಂದು ತನಗೆ ತಾನೇ ಕಟ್ಟಿಕೊಂಡ ಕಟ್ಟು ಅದು: ಇಳಿದು, ಒಮ್ಮೆ ನೋಡಿ, ಮತ್ತೊಮ್ಮೆ ನೋಡಿದ ಮೇಲೆ ಮಾತ್ರ ಅಂಕಿಯ ಕೆಳಗೆ ಗುಂಡುಸೂಜಿಯಿಂದ ಒಂದು ಚುಚ್ಚು. ಮುಂದಿನಿಂದ ನೋಡಿದರೆ ಯಾವ ಇಂಜಿನಿಯರಿಗೂ ಕಾಣುವುದಿಲ್ಲ. ಹಾಳೆ ತಿರುವಿ ಬೆರಳಾಡಿಸಿದರೆ ಹಿಂಬದಿಯಲ್ಲಿ ಸಣ್ಣ ಗಂಟು ಸಿಗುತ್ತದೆ. ಅದು ಇದ್ದರೆ, ನಾನು ನನ್ನ ಕಣ್ಣಿನಿಂದ ಕಂಡಿದ್ದೇನೆ ಎಂದರ್ಥ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಗೌರಮ್ಮನಿಗೂ.

ಆವತ್ತಿನಿಂದ ನಾನು ಬರೆದ ಪ್ರತಿ ಸಾಲಿನ ಕೆಳಗೂ ಚುಚ್ಚಿದೆ. ಪುಸ್ತಕವನ್ನೂ ಸೂಜಿಯನ್ನೂ ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಗೌರಮ್ಮ ನೋಡಿದಳು.

ಒಂಬತ್ತು ದಿನ ಏನೂ ಆಗಲಿಲ್ಲ. ಹತ್ತನೆಯ ಬೆಳಿಗ್ಗೆ ಬೀಗ ತೆಗೆದು ಪುಸ್ತಕ ಬಿಡಿಸಿದರೆ ಸಾಲು ಅಲ್ಲಿತ್ತು. "4.50 ಎದ್ದೆ. ಪೂಜೆ. ಗೌರಿ ಯಾಕೋ ಅಳುತ್ತಿದ್ದಾಳೆ." ಹಾಳೆ ತಿರುವಿ ಬೆರಳಾಡಿಸಿದೆ. ಗಂಟಿತ್ತು.

ಬೀಗ ತೆಗೆಯುವ ಮೊದಲು ಸೊಂಟ ಮುಟ್ಟಿ ನೋಡಿಕೊಂಡಿದ್ದೆ. ಬೀಗದ ಕೈ ನಾನು ಕಟ್ಟಿದ ಗಂಟಿನಲ್ಲೇ ಇತ್ತು. ಆ ಗಂಟನ್ನು ಬಿಚ್ಚಲು ನನಗೇ ಎರಡು ನಿಮಿಷ ಬೇಕು. ಟ್ರಂಕಿನ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ ಬರೆದಿಟ್ಟಿಲ್ಲ. ಕಳ್ಳ ಸಿಕ್ಕಿದ್ದ. ಅವನಿಗೆ ನನ್ನ ಅಕ್ಷರ ಗೊತ್ತಿತ್ತು, ನನ್ನ ಪೂಜೆ ಗೊತ್ತಿತ್ತು, ನನ್ನ ಗುಟ್ಟು ಗೊತ್ತಿತ್ತು. ಅವನು ನನ್ನ ಹೆಂಡತಿ ಅಳುವುದನ್ನು ನೋಡಿದ್ದ. ನನಗೆ ಅದು ಗೊತ್ತಿರಲಿಲ್ಲ.

ಅಡುಗೆಮನೆಗೆ ಹೋಗಿ ಕೇಳಿದೆ. "ಬೆಳಿಗ್ಗೆ ಅಳ್ತಿದ್ದೆಯಾ?"

ಅವಳು ಒಲೆ ಆರಿಸಿದಳು. "ನಮ್ಮ ಶಶಿ ಎಲ್ಲಿ ಅಂತ ಕೇಳಿದ್ರಿ. ಮದುವೆ ಆಗೈತೆ, ಹೊಸದುರ್ಗದಾಗೆ ಅವಳೆ ಅಂದೆ. ಯಾವಾಗಾಯ್ತು ಅಂದ್ರಿ. ಇನ್ನೇನ್ ಮಾಡ್ಲಿ ಹೇಳ್ರಿ?"

ಮುಂದಿನ ಗುರುವಾರ ದುರ್ಗಕ್ಕೆ ಹೋದೆವು. ವಾರಕ್ಕೊಮ್ಮೆ ಬರುವ ನರರೋಗದ ಡಾಕ್ಟರು. ಹೊರಗೆ ಕಾಯುವವರ ಸಾಲು ಮೆಟ್ಟಿಲ ತನಕ. ಕಿಟಕಿಯಿಂದ ಕೋಟೆಯ ಬಂಡೆಗಳು ಕಾಣುತ್ತಿದ್ದವು. ಟೋಕನ್ ಕೊಡುವವನು ಹದಿನಾಲ್ಕರ ನಂತರ ಹದಿನಾರು ಕೂಗಿದ. ನಾನು ಎದ್ದು ಹೋಗಿ ಹದಿನೈದು ಎಲ್ಲಿ ಎಂದು ಕೇಳಿದೆ. ಹದಿನೈದು ನನ್ನದೇ ಆಗಿತ್ತು. ಗೌರಮ್ಮ ನೀರು ತರಲು ಹೋಗಿದ್ದಾಗ ಅವನು ಅದನ್ನು ಕೂಗಿದ್ದನೆಂದು ಸಾಲಿನವರು ಹೇಳಿದರು. ನನಗೆ ಕೇಳಿಸಿರಲಿಲ್ಲವೋ, ಕೇಳಿಸಿಯೂ ಮರೆತುಹೋಗಿತ್ತೋ? ಈ ಕಾಯಿಲೆಯಲ್ಲಿ ಅತ್ಯಂತ ಕೆಟ್ಟದ್ದು ಅದು. ಸಾಧಾರಣ ಮರೆವನ್ನೂ ನಂಬಲಾಗುವುದಿಲ್ಲ.

ಪಕ್ಕದಲ್ಲಿ ಹೊಳಲ್ಕೆರೆ ಕಡೆಯ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಬಂದಿದ್ದಳು. ಮಗಳಿಗೆ ಮೂವತ್ತರ ಹತ್ತಿರ. ತಾಯಿ ಮಂಡಕ್ಕಿ ಪೊಟ್ಟಣ ಬಿಚ್ಚಿ ನಮ್ಮ ಕಡೆ ಚಾಚಿ, "ತಗಳ್ರಿ, ಇವತ್ತಿಗೆ ಮುಗಿಯಾದಲ್ಲ ಇದು" ಎಂದಳು. ಮಗಳಿಗೆ ಫಿಟ್ಸ್ ಎಂದೂ ಹೇಳಿದಳು. ನಾನು ಸ್ವಲ್ಪ ಸರಿದು ಕೂತೆ.

"ನನಗೆ ಅಂಥದ್ದೇನೂ ಇಲ್ಲ. ನಾನು ಯಾವತ್ತೂ ಬಿದ್ದಿಲ್ಲ."

ಆ ಮಗಳು ನನ್ನ ಕಡೆ ತಿರುಗಿದಳು. "ನಾನೂ ಬೀಳಲ್ಲ ಅಜ್ಜ. ಕಣ್ಣು ಬಿಟ್ಕಂಡೇ ಕುಂತಿರ್ತೀನಿ. ನೋಡಿದ್ರೆ ಬಸ್ಸು ನನ್ನ ಸ್ಟಾಪ್ ದಾಟಿ ಮುಂದಕ್ಕೆ ಹೋಗಿರ್ತತೆ. ಕಂಡಕ್ಟರ್ ಬೈದದ್ದೂ ಗೊತ್ತಿರಲ್ಲ. ಒಂದ್ಸಲ ಬೈಸ್ಕಳಾದು ಉಳೀತು ಅನ್ಕಳ್ಳಾದು."

ಐದು ತಿಂಗಳಲ್ಲಿ ನನ್ನಂಥ ಮತ್ತೊಬ್ಬರು ಇದ್ದಾರೆಂದು ನನಗೆ ತಿಳಿದದ್ದು ಅಲ್ಲಿ. ನಾನು ಮಂಡಕ್ಕಿಗೆ ಕೈ ಹಾಕಿದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಪುಸ್ತಕ ಬಿಡಿಸಿ ವಿವರಿಸತೊಡಗಿದೆ. ಆಕೆ ಎರಡು ನಿಮಿಷ ಕೇಳಿ, "ಸರ್, ಆ ಹೊತ್ತಿನಲ್ಲಿ ನೀವು ಇರಲಿಲ್ಲವಲ್ಲ. ಇದ್ದವರನ್ನ ಕೇಳ್ತೀನಿ" ಎಂದು ಗೌರಮ್ಮನ ಕಡೆ ತಿರುಗಿದರು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ನನ್ನ ಬಗ್ಗೆ ನನಗಿಂತ ಒಳ್ಳೆಯ ಸಾಕ್ಷಿ ಇನ್ನೊಬ್ಬರಿರಬಹುದು ಎಂಬುದನ್ನು ನಾನು ಆವರೆಗೆ ಯೋಚಿಸಿರಲಿಲ್ಲ.

ಗೌರಮ್ಮ ಚೀಲದಿಂದ ಕ್ಯಾಲೆಂಡರಿನ ಐದು ಹಾಳೆಗಳನ್ನು ತೆಗೆದಳು. ಕುಂಕುಮದ ಬೊಟ್ಟುಗಳು. ಹರಕೆಯಲ್ಲ. ನಾನು ಕಳೆದುಹೋದ ದಿನಗಳು. ಒಟ್ಟು ಹದಿಮೂರು. ಎಲ್ಲವೂ ಎದ್ದ ಮೇಲಿನ ಮೊದಲ ಎರಡು ಮೂರು ಗಂಟೆಯೊಳಗೆ. "ನಂಗೆ ಗಂಟೆ ಗಿಂಟೆ ಗೊತ್ತಿಲ್ಲ ಮೇಡಮ್ಮರೆ. ಹಾಲು ಕಾಯಾಕಿಟ್ಟಾಗ ಶುರುವಾದ್ರೆ ದೋಸೆ ಮುಗಿಯಾ ಹೊತ್ತಿಗೆ ಸರಿ ಹೋಗ್ತಾರೆ" ಎಂದಳು. ಡಾಕ್ಟರು ಅದನ್ನು ಹಾಗೇ ಬರೆದುಕೊಂಡರು.

"ನನಗೆ ಯಾಕೆ ಹೇಳಲಿಲ್ಲ?" ಎಂದೆ.

"ಧೈರ್ಯ ಮಾಡಿ ಹೇಳಾಣ ಅನ್ನಾ ಹೊತ್ತಿಗೆ ಆಗ್ಲೆ ಟ್ರಂಕಿಗೆ ಬೀಗ ಹಾಕಿದ್ರಲ್ಲ."

ತಲೆಗೆ ಅಂಟು ಹಚ್ಚಿ ವೈರು ಕೂರಿಸುವ ಒಂದು ಪರೀಕ್ಷೆ, ಆಮೇಲೆ ಸ್ಕ್ಯಾನಿಂಗ್. ಸ್ಕ್ಯಾನಿಂಗ್ ಕೋಣೆಯ ಹುಡುಗಿ ಒಂದು ಟ್ರೇ ಹಿಡಿದು, ವಾಚು, ಕನ್ನಡಕ, ಕಟ್ಟಿಸಿದ ಹಲ್ಲು, ಉಂಗುರ, ಉಡಿದಾರದ ಬೀಗದ ಕೈ, ಎಲ್ಲ ತೆಗೆಸಿದಳು. ಕೊನೆಗೆ ಕೊರಳಿನ ಬೆಳ್ಳಿ ಕರಡಿಗೆಯ ಕಡೆ ಬೆರಳು ಮಾಡಿದಳು. ಅದರೊಳಗೆ ನನ್ನ ಇಷ್ಟಲಿಂಗವಿದೆ. ಎಂಟನೆಯ ವಯಸ್ಸಿನಲ್ಲಿ ದೀಕ್ಷೆಯಾದಾಗಿನಿಂದ ಅದು ಮೈ ಬಿಟ್ಟು ಹೋಗಿಲ್ಲ.

"ಅದು ಬರಲ್ಲ," ಎಂದೆ.

"ಯಾವ ಲೋಹನೂ ಒಳಗೆ ಬಿಡಂಗಿಲ್ಲ ಸರ್."

"ಹಂಗಾದ್ರೆ ನಾನೂ ಬರಲ್ಲ."

ಗೌರಮ್ಮ ಮುಂದೆ ಬಂದು ಕೈ ಚಾಚಿದಳು. "ಕೊಡ್ರಿ. ನಾನು ಹಿಡ್ಕಂಡಿರ್ತೀನಿ."

ಐದು ತಿಂಗಳು ಯಾರ ಮೇಲೆ ಕಣ್ಣಿಟ್ಟಿದ್ದೆನೋ ಅವಳ ಕೈ ಅದು. ನಾನು ತಡಮಾಡಿದೆ, ಅವಳಿಗೆ ಅದು ತಿಳಿಯಿತು. ಆದರೂ ಕೈ ಹಿಂದಕ್ಕೆ ತೆಗೆಯಲಿಲ್ಲ. ಕೊಟ್ಟೆ. ಕನ್ನಡಕವಿಲ್ಲದೆ, ಹಲ್ಲಿಲ್ಲದೆ, ಲಿಂಗವಿಲ್ಲದೆ ಆ ಕೊಳವೆಯೊಳಗೆ ಮಲಗಿದೆ. ಯಂತ್ರ ಕಲ್ಲು ಒಡೆಯುವ ಹಾಗೆ ಸದ್ದು ಮಾಡುತ್ತಿತ್ತು. ಈಗ ಇಲ್ಲಿ ಮಲಗಿರುವವನು ಯಾರು, ಇವನನ್ನು ತಿಪ್ಪೇಸ್ವಾಮಿ ಎಂದು ಹೇಳಲು ಏನು ಉಳಿದಿದೆ ಎಂದು ಹುಡುಕಿದೆ. ಮಾರಿಕಣಿವೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದೆ. ಎಣಿಕೆ ಸರಿ ಬಂತು. ಸ್ವಲ್ಪ ಧೈರ್ಯವಾಯಿತು.

ಹೊರಗೆ ಬಂದಾಗ ಗೌರಮ್ಮ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದಳು. ಪೂಜೆಗೆ ಹಿಡಿಯುವ ಹಾಗೆ ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದಿದ್ದಳು, ಅದರ ಮೇಲೆ ಬೆರಳು ಮಡಿಸಿ ಹಿಡಿದ ನನ್ನ ಕರಡಿಗೆ. ಮುಕ್ಕಾಲು ಗಂಟೆ ಹಾಗೇ ಇದ್ದಳಂತೆ. ತೆಗೆದುಕೊಳ್ಳಲು ಹೋದರೆ ಅವಳ ಬೆರಳುಗಳು ಮರಗಟ್ಟಿದ್ದವು. ನಾನೇ ಒಂದೊಂದಾಗಿ ಬಿಡಿಸಬೇಕಾಯಿತು.

ಅದು ಒಂದು ಬಗೆಯ ಫಿಟ್ಸೇ ಎಂದು ಡಾಕ್ಟರು ಹೇಳಿದರು. ಬೀಳದೆ, ನೊರೆ ಬರದೆ, ನೆನಪನ್ನು ಮಾತ್ರ ಸ್ವಲ್ಪ ಹೊತ್ತು ನಿಲ್ಲಿಸುವಂಥದ್ದು. ಬುದ್ಧಿ ಕೆಟ್ಟಿಲ್ಲ, ಕೆಡುವ ಲಕ್ಷಣವೂ ಇಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ. ಇಷ್ಟು ಸುಲಭವಾದದ್ದು ನಿಜವಿರಲಾರದೆಂದು ನಾನು ದುರ್ಗದಲ್ಲೇ ಇನ್ನೊಬ್ಬ ಡಾಕ್ಟರಿಗೆ ಚೀಟಿ ತೋರಿಸಿದೆ. ಅವರೂ ಅದನ್ನೇ ಹೇಳಿದರು. ಮಾತ್ರೆ ಶುರುವಾದ ಮೇಲೆ ಕ್ಯಾಲೆಂಡರಿನಲ್ಲಿ ಕುಂಕುಮ ಬಿದ್ದದ್ದು ಒಂದೇ ಸಲ. ಈಗ ಒಂದು ವರ್ಷದಿಂದ ಅದೂ ಇಲ್ಲ. ರಹಮತ್‌ನ ಅಂಗಡಿಗೆ ಹೋಗಿ, ಗಡಿಯಾರ ತಿರುಗಿಸಿಟ್ಟೆ ಎಂದು ಅನುಮಾನಪಟ್ಟಿದ್ದೆ, ತಪ್ಪಾಯಿತು ಎಂದೆ. "ಹನ್ನೊಂದೂ ಒಂದೇ ಟೈಮ್ ತೋರಿಸಾ ಹಂಗೆ ಇಡಾಕೆ ನಂಗೆ ಬಂದಿದ್ರೆ ಅಂಗಡಿ ಹಿಂಗಿರ್ತಿತ್ತಾ?" ಎಂದ. ಆವತ್ತು ಅವು ಒಂದೇ ಸಮಯ ತೋರಿಸಿದ್ದು ಹೇಗೆ ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಕಾಯಿಲೆಯ ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅದೇ ಅಂಗಡಿಯಲ್ಲಿ ಒಂದು ದಿನ ಯಾರೋ ಕಣಿವೆ ಕೋಡಿ ಬಿದ್ದ ದಿನದ ಮಾತು ತೆಗೆದರು.

ಹಿರಿಯೂರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಬೇರೆಯವರಿಗೆ ಹೇಳುತ್ತೇನೆ: ಮಾರಿಕಣಿವೆ ತುಂಬಿ, ಹೆಚ್ಚಾದ ನೀರು ಕೋಡಿಯಲ್ಲಿ ಹರಿದದ್ದನ್ನು ನಮ್ಮ ಅಜ್ಜಂದಿರು ನೋಡಿದ್ದರು. ನಮ್ಮ ಅಪ್ಪಂದಿರು ನೋಡಲಿಲ್ಲ. ತುಂಬಿದ ಮಟ್ಟ ನೂರಮೂವತ್ತು ಅಡಿ. ಮೂವತ್ನಾಲ್ಕು ವರ್ಷದಲ್ಲಿ ನಾನು ಆ ಅಂಕಿಯನ್ನು ಒಂದು ದಿನವೂ ಬರೆದಿಲ್ಲ. ನಿವೃತ್ತಿಯಾದ ಮೇಲೆ, ಕಾಯಿಲೆ ಬರುವ ಮೊದಲು, ಕೋಡಿ ಬಿತ್ತು. ಇಡೀ ತಾಲ್ಲೂಕು ನೋಡಲು ಹೋಯಿತು.

"ನೀವು ಇದ್ರಲ್ಲ ಅಣ್ಣ," ಎಂದು ರಹಮತ್ ಫೋನಿನಲ್ಲಿ ಫೋಟೋ ತೋರಿಸಿದ. ಜನಜಂಗುಳಿಯ ನಡುವೆ ನನ್ನ ಬೆನ್ನು, ನನ್ನ ಬಿಳಿ ಅಂಗಿ.

ನನ್ನಲ್ಲಿ ಏನೂ ಇರಲಿಲ್ಲ. ನೀರಿಲ್ಲ, ಸದ್ದಿಲ್ಲ, ಜನವಿಲ್ಲ. ಡಾಕ್ಟರನ್ನು ಕೇಳಿದೆ. ಈ ಕಾಯಿಲೆ ಹಿಂದಿನ ಕೆಲವು ನೆನಪುಗಳನ್ನೂ ಒಯ್ಯುತ್ತದೆ, ಅವು ಮರಳುವುದಿಲ್ಲ ಎಂದರು. ಬೇರೆ ಯಾವ ದಿನ ಹೋಗಿದ್ದರೂ ನನಗೆ ಚಿಂತೆಯಿರಲಿಲ್ಲ. ನಾನು ಯಾರು ಎಂದು ಕೇಳಿದರೆ ಆ ನೀರನ್ನು ಕಾದವನು ಎಂದೇ ಹೇಳಬೇಕು. ಅದು ಬಂದಾಗ ನೋಡಿದೆನೋ ಇಲ್ಲವೋ ಎಂಬುದೇ ನನಗೆ ಗೊತ್ತಿಲ್ಲ.

ಹಳೆಯ ಪುಸ್ತಕ ಹುಡುಕಿ ಆ ದಿನದ ಪುಟ ತೆಗೆದೆ. "ಕಣಿವೆ. 130. ಕೋಡಿ." ಅಷ್ಟೇ. ಇಷ್ಟು ಜಿಪುಣತನದಿಂದ ಬರೆದವನನ್ನು ಬೈದುಕೊಂಡು ಹಾಳೆ ತಿರುವಿ ಬೆರಳಾಡಿಸಿದೆ. ಗಂಟಿತ್ತು. ಆದರೆ ಗುಂಡುಸೂಜಿಯದಲ್ಲ. ತೂತು ಎರಡು ಪಟ್ಟು ದಪ್ಪವಾಗಿತ್ತು, ಅಂಚು ಹರಿದಿತ್ತು. ನನ್ನ ಸೂಜಿ ಹಾಗೆ ಚುಚ್ಚುವುದಿಲ್ಲ.

ಹಳೆಯ ಅನುಮಾನ ಎದ್ದು ಕೂತಿತು. ನನ್ನ ಸಮಾಧಾನಕ್ಕೆಂದು ಆಮೇಲೆ ಯಾರಾದರೂ ಚುಚ್ಚಿಟ್ಟಿದ್ದರೆ? ಫೋಟೋದಲ್ಲಿ ಬೆನ್ನಿದೆ, ಕಣ್ಣಿಲ್ಲ. ರಹಮತ್ ಒಳ್ಳೆಯವನು, ಒಳ್ಳೆಯವರು ಸುಳ್ಳು ಹೇಳುತ್ತಾರೆ. ನಾನು ಯಾರಿಗೂ ಆ ತೂತಿನ ವಿಷಯ ಹೇಳಲಿಲ್ಲ. ಗೌರಮ್ಮನಿಗೆ, "ನಾಳೆ ಕಣಿವೆಗೆ ಹೋಗಾಣ" ಎಂದೆ.

ಬೆಳಿಗ್ಗೆ ಮಾತ್ರೆ ನುಂಗಿ ಬಸ್ಸಿನಲ್ಲಿ ಹೋದೆವು. ಕೋಡಿಯ ಹತ್ತಿರ ಬಂಡೆಗಳು ಒಣಗಿದ್ದವು, ನೀರು ಕೆಳಗಿಳಿದಿತ್ತು. ನಾನು ಏನನ್ನೂ ಸೂಚಿಸದೆ, "ಆವತ್ತು ನಾನು ಏನು ಮಾಡಿದೆ, ಹೇಳು" ಎಂದೆ.

"ಏನ್ ಮಾಡ್ತೀರಿ? ಜನ ಎಲ್ಲ ಕುಣೀತಿದ್ರು. ನೀವು ಪೊಲೀಸಪ್ಪನ ಹತ್ರ ಹೋಗಿ ಎಲ್ರನ್ನೂ ಸಾಲಾಗಿ ನಿಲ್ಸು ಅಂತ ಜಗಳ ತೆಗೆದ್ರಿ."

ಇದು ನಿಜವಿರಬಹುದು ಎನ್ನಿಸಿತು. "ಆಮೇಲೆ?"

"ಗೇಜು ನೋಡ್ಬೇಕು ಅಂತ ಹೋದ್ರಿ. ಬಂದ್ರಿ. ಮತ್ತೆ ಹೋದ್ರಿ. ಬಂದು ಇಗಾ ಈ ಕಲ್ಲಿನ ಮ್ಯಾಲೆ ಕುಂತು ಪುಸ್ತಕ ತೆಗೆದ್ರಿ. ಬರೆದು ಜೇಬು ತಡಕಿದ್ರಿ, ತಡಕಿದ್ರಿ, ಸಿಗಲಿಲ್ಲ. 'ಗೌರಿ, ಒಂದು ಪಿನ್ನು ಕೊಡು' ಅಂದ್ರಿ. ಕೊಟ್ಟೆ." ಅವಳು ಕೈ ಎತ್ತಿದಳು. ಬಳೆಗೆ ನಾಲ್ಕೈದು ಸೇಫ್ಟಿ ಪಿನ್ನು ಸಿಕ್ಕಿಸಿದ್ದಳು, ಯಾವಾಗಲೂ ಇರುವ ಹಾಗೆ. "ಚುಚ್ಚಿ ವಾಪಸ್ ಕೊಟ್ರಿ. ಜೋರಾಗಿ ಒತ್ತಿದ್ರಿ, ಹಾಳೆ ಹರೀತು. ಯಾಕೆ ಅಂದೆ. ಎರಡು ಸಲ ನೋಡಿದೀನಿ ಅಂತ ಗುರ್ತು, ಯಾರಿಗೂ ಹೇಳ್ಬ್ಯಾಡ ಅಂದ್ರಿ. ಹೇಳಿಲ್ಲ."

ಹಾಗಾದರೆ ಅವಳಿಗೆ ನನ್ನ ಗುಟ್ಟು ಮೊದಲಿಂದ ಗೊತ್ತಿತ್ತು. ನಾನು ಬಲೆ ಹಾಕಿ ಕೂತಿದ್ದ ಆ ಹತ್ತು ದಿನವೂ.

ಅವಳು ನನ್ನ ಮುಖ ನೋಡಿ, "ಮತ್ತೆ ನನ್ ಮ್ಯಾಲೆ ಅನುಮಾನ ಬಂತಾ?" ಎಂದಳು.

"ಬಂತು," ಎಂದೆ. "ಒಂದು ನಿಮಿಷ ತಡಿ."

ಚೀಲದಿಂದ ಹಳೆಯ ಪುಸ್ತಕ ತೆಗೆದು ಆ ಪುಟ ಬಿಡಿಸಿದೆ. ಅವಳ ಬಳೆಯಿಂದ ಒಂದು ಪಿನ್ನು ಬಿಚ್ಚಿ ಅದರ ಮೊನೆಯನ್ನು ತೂತಿಗೆ ಹಿಡಿದೆ. ಸರಿಯಾಗಿ ಕೂತಿತು. ಮತ್ತೊಮ್ಮೆ ಹಿಡಿದು ನೋಡಿದೆ. ಸರಿಯಾಗಿ ಕೂತಿತು.

ಆಮೇಲೆ ಈ ವರ್ಷದ ಪುಸ್ತಕ ತೆಗೆದು ಅವಳು ಹೇಳಿದ್ದನ್ನೆಲ್ಲ ಬರೆದೆ, ಪೊಲೀಸಪ್ಪನ ಜಗಳವನ್ನೂ ಸೇರಿಸಿ. ಅರ್ಧ ಪುಟವಾಯಿತು. ಗುಂಡುಸೂಜಿ ಜೇಬಿನಲ್ಲಿತ್ತು, ತೆಗೆಯಲಿಲ್ಲ. ಇದನ್ನು ಕಂಡವನು ನಾನಲ್ಲ. ಪಿನ್ನನ್ನೂ ಪುಸ್ತಕವನ್ನೂ ಅವಳ ಕಡೆ ಸರಿಸಿದೆ.

"ಎಲ್ಲಿ ಚುಚ್ಲಿ?" ಎಂದಳು.

"ಕೊನೇ ಸಾಲಿನ ಕೆಳಗೆ. ಹಾಳೆ ಹರೀಬ್ಯಾಡ."

ಅವಳು ಚುಚ್ಚಿದಳು. ನಾನು ಹಾಳೆ ತಿರುವಿ ಬೆರಳಾಡಿಸಿದೆ.